ಇವತ್ತು ಯಾರ ಮಗ್ಗಲು

ನಾನು ಕಳ್ಳನಲ್ಲ. ಆಂಬುಲೆನ್ಸಿನ ನೆತ್ತಿಯ ಮೇಲಿಂದ ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರವೊಂದನ್ನು ಕಿತ್ತು ಅಂಗಿಯ ಕಿಸೆಗೆ ಹಾಕಿಕೊಂಡದ್ದು ನಿಜ. ಅದನ್ನು ಮನೆಗೆ ತಂದು ಜೋಳದ ಡಬ್ಬಿಯಲ್ಲಿ ಹೂತದ್ದೂ ನಿಜ. ಆದರೂ ಕಳ್ಳ ಬೇರೆ, ಅನುಮಾನದವನು ಬೇರೆ. ಕಳ್ಳನಿಗೆ ಕದ್ದ ವಸ್ತು ಬೇಕಾಗಿರುತ್ತದೆ. ನನಗೆ ಅದು ಬೇಡವಾಗಿತ್ತು, ಊರಲ್ಲಿ ಯಾರಿಗೂ ಅದು ಬೇಡವಾಗಲಿ ಎಂಬುದೇ ನನ್ನ ಆಸೆಯಾಗಿತ್ತು.

ನನ್ನ ಹೆಸರು ಗುರುಪಾದಪ್ಪ. ಊರ ಕಟ್ಟೆಯ ಮೇಲಿನ ಹಲಗೆಯನ್ನು ಇಪ್ಪತ್ತೆರಡು ವರ್ಷಗಳಿಂದ ಬರೆಯುತ್ತಿರುವವನು ನಾನೇ. ನಮ್ಮ ಊರಲ್ಲಿ ಹದಿನೇಳು ಓಣಿಗಳಿವೆ. ಅವು ದಿನಕ್ಕೊಮ್ಮೆ ತಮ್ಮ ಜಾಗ ಬದಲಿಸುತ್ತವೆ. ಸಾಮಾನ್ಯವಾಗಿ ಸೂರ್ಯ ಹುಟ್ಟುವ ಮೊದಲು. ನಾವು ಅದಕ್ಕೆ ಹೊರಳು ಎನ್ನುತ್ತೇವೆ. ಗದ್ದಲವಿಲ್ಲ, ನಡುಕವಿಲ್ಲ. ಕೊಡದೊಳಗಿನ ನೀರು ಒಂದು ಗಳಿಗೆ ಒಂದು ಕಡೆ ವಾಲಿ ಮತ್ತೆ ನೆಟ್ಟಗಾಗುತ್ತದೆ, ಅಷ್ಟೆ. ಓಣಿಯ ಒಳಗೆ ಏನೂ ಬದಲಾಗುವುದಿಲ್ಲ. ಎದುರು ಮನೆಯವರು ಎದುರಿಗೇ ಇರುತ್ತಾರೆ, ಅವರ ಜೊತೆಗಿನ ಜಗಳವೂ ಅಲ್ಲೇ ಇರುತ್ತದೆ. ಓಣಿಯ ಬಾಯಿ ಮಾತ್ರ ಯಾವ ದಿಕ್ಕಿಗೆ ತೆರೆದಿದೆ, ಮಗ್ಗಲಿಗೆ ಯಾವ ಓಣಿ ಬಂದು ಕೂತಿದೆ ಎಂಬುದನ್ನು ಹೊರಗೆ ಬಂದು ನೋಡಿಯೇ ತಿಳಿಯಬೇಕು. ಬೇರೆ ಊರಿನವರು ಊಟ ಆಯಿತೇ ಎಂದು ಕೇಳುತ್ತಾರಂತೆ. ನಮ್ಮಲ್ಲಿ ಎದುರಾದವರು "ಇವತ್ತು ಯಾರ ಮಗ್ಗಲು?" ಎಂದು ಕೇಳುತ್ತಾರೆ. ಲಗ್ನಪತ್ರಿಕೆಯಲ್ಲಿ ಮನೆಯ ವಿಳಾಸ ಇರುವ ಕಡೆ "ಆ ದಿನ ಕೇಳಿಕೊಂಡು ಬರುವುದು" ಎಂದು ಅಚ್ಚು ಹಾಕಿಸುತ್ತಾರೆ. ಕಟ್ಟೆ ಹೊರಳುವುದಿಲ್ಲ. ಊರ ಹೊರಗಿನ ದಿಬ್ಬದ ಮೇಲಿರುವ ದವಾಖಾನೆಯೂ ಹೊರಳುವುದಿಲ್ಲ.

ಬೆಳಗಾಗುತ್ತಲೇ ಪ್ರತಿ ಓಣಿಯಿಂದ ಒಬ್ಬರು ಬಂದು ತಮ್ಮ ಎಡಕ್ಕೆ ಯಾರು, ಬಲಕ್ಕೆ ಯಾರು ಎಂದು ನನಗೆ ಹೇಳಬೇಕು. ಹೇಳಿದ್ದನ್ನೆಲ್ಲ ಬರೆಯುವವನು ನಾನಲ್ಲ. ಹೂಗಾರ ಓಣಿಯವನು ತನ್ನ ಬಲಕ್ಕೆ ಬೇವಿನ ಓಣಿ ಎಂದರೆ, ಬೇವಿನ ಓಣಿಯವನು ಬಂದು ತನ್ನ ಎಡಕ್ಕೆ ಹೂಗಾರ ಓಣಿ ಎನ್ನುವ ತನಕ ಸೀಮೆಸುಣ್ಣ ಹಲಗೆಗೆ ತಾಗುವುದಿಲ್ಲ. ಮಾತು ತಾಳೆಯಾಗದಿದ್ದರೆ ಇಬ್ಬರಲ್ಲಿ ಒಬ್ಬ ನಿದ್ದೆಗಣ್ಣಲ್ಲಿ ಬಂದಿದ್ದಾನೆ, ಇಲ್ಲವೇ ಸುಳ್ಳು ಹೇಳುತ್ತಿದ್ದಾನೆ. ಸಂತೆಯ ದಿನ ತನ್ನ ಓಣಿ ಕಟ್ಟೆಗೆ ಹತ್ತಿರವಿದೆ ಎಂದು ಬರೆಸಿಕೊಂಡು ಗಿರಾಕಿಗಳನ್ನು ಎಳೆಯುವ ಶಾಣ್ಯಾರು ನಮ್ಮಲ್ಲಿ ಕಡಿಮೆಯಿಲ್ಲ. ಹೀಗಾಗಿ ಅನುಮಾನ ನನಗೆ ಕೆಟ್ಟ ಚಟವಲ್ಲ, ಅದು ನನ್ನ ಕಸುಬು. ಕಸುಬು ಮನೆಯೊಳಕ್ಕೂ ಬರುತ್ತದೆ. ಸಾರಿನಲ್ಲಿ ಉಪ್ಪು ಹೆಚ್ಚಾದರೆ ಬೇಕೆಂದೇ ಹಾಕಿದಳೇ ಎಂದು ಹೆಂಡತಿ ನಿಂಬೆವ್ವನ ಮುಖ ನೋಡುವವನು ನಾನು.

ಹೋದ ಮಾಘದಲ್ಲಿ ದವಾಖಾನೆಗೆ ಆಂಬುಲೆನ್ಸ್ ಬಂತು. ಅದರ ಚಾಲಕ ರಾಜೇಸಾಬ, ಹೊಳೆಯಾಚೆಯವನು, ಮೂವತ್ತರ ಆಸುಪಾಸು. ಒಂದು ಮುಂಜಾನೆ ಅವನು ಗಾಡಿಯನ್ನು ಕಟ್ಟೆಯ ಮುಂದೆ ನಿಲ್ಲಿಸಿ, ಯೆಂಕೋಬಣ್ಣನ ಚಾದಂಗಡಿಯ ಬೆಂಚಿನ ಮೇಲೆ ಒಂದು ಟ್ಯಾಬ್ಲೆಟ್ಟು ಇಟ್ಟುಕೊಂಡು ಕೂತ. ಪಕ್ಕದಲ್ಲಿ ಆ ಕರಿ ಯಂತ್ರ. ನಾನು ಸೀಮೆಸುಣ್ಣ ಕೆಳಗಿಟ್ಟು ಹತ್ತಿರ ಹೋದೆ.

"ಏನೋ ಅದು?"

"ಜಿಪಿಎಸ್ ರಿಸೀವರ್ ರೀ ಕಾಕಾ. ಈ ಟ್ಯಾಬ್ಲೆಟ್ಟಿನ ಹೊಟ್ಟ್ಯಾಗ ಜಿಪಿಎಸ್ ಇಲ್ಲ, ಅಗ್ಗದ್ದು ಕೊಟ್ಟಾರ. ಅದಕ್ಕ ಹೊರಗಿಂದ ಇದನ್ನ ಜೋಡಸಾಕತ್ತೀನಿ. ಮ್ಯಾಲೆ ಉಪಗ್ರಹ ಅದಾವಲ್ರಿ, ಅವು ಹೇಳಿದ್ದನ್ನ ಇದು ಕೇಳ್ತೈತಿ. ಕೇಳಿ ಟ್ಯಾಬ್ಲೆಟ್ಟಿಗೆ ಹೇಳ್ತೈತಿ."

"ವಯರ್ ಎಲ್ಲೈತಿ?"

"ವಯರ್ ಇಲ್ರಿ. ಬ್ಲೂಟೂತ್."

"ವಯರ್ ಇಲ್ಲಂದ್ರ ಅದು ಹೇಳಿದ್ದು ಹಾದ್ಯಾಗ ಹೋಗವ್ರಿಗೂ ಕೇಳಸ್ತೈತಿ."

"ಹತ್ತು ಹದಿನೈದು ಹೆಜ್ಜಿ ಒಳಗ ಇದ್ದವ್ರಿಗೆ ಅಷ್ಟ ರೀ. ಅದೂ ಮೊದಲ ಗುರ್ತಾ ಮಾಡಿಕೊಂಡಿರಬೇಕು. ಒಮ್ಮೆ ಗುರ್ತಾ ಆದ್ರ ಮುಂದ ಹತ್ರ ಬಂದಾಗೆಲ್ಲಾ ತಾನ ಕೂಡ್ಕೋತೈತಿ."

ಗುರುತು ಮಾಡಿಕೊಳ್ಳಲು ಟ್ಯಾಬ್ಲೆಟ್ಟು ಒಂದು ಗುಟ್ಟಿನ ಸಂಖ್ಯೆ ಕೇಳಿತು. ರಾಜೇಸಾಬ ನಾಲ್ಕು ಸೊನ್ನೆ ಒತ್ತಿದ. ನಾಲ್ಕು ಸೊನ್ನೆ! ನಮ್ಮ ಊರಲ್ಲಿ ಕೋಳಿಗೂಡಿಗೂ ಅದಕ್ಕಿಂತ ಗಟ್ಟಿ ಅಗಳಿ ಇರುತ್ತದೆ. ಆಮೇಲೆ ಅವನು ಟ್ಯಾಬ್ಲೆಟ್ಟಿನ ಒಳಗೊಳಗೆ ಹೋಗಿ ಯಾವುದೋ ಒಂದು ಸಾಲನ್ನು ಬೆರಳಿನಿಂದ ಏಳು ಸಲ ಬಡಿದ. ಅಷ್ಟಕ್ಕೆ ಬಚ್ಚಿಟ್ಟಿದ್ದ ಒಂದು ಪುಟ ತೆರೆದುಕೊಂಡಿತು. ಅಲ್ಲಿ ಬರೆದದ್ದನ್ನು ನಾನು ಕನ್ನಡಕ ಏರಿಸಿ ಓದಿದೆ. ಹುಸಿ ಜಾಗ ತೋರಿಸಲು ಅನುಮತಿ ಕೊಡುವಿರಾ ಎಂದು ಕೇಳುತ್ತಿತ್ತು.

"ಇದು ಸುಳ್ಳ ಹೇಳಾಕ ಪರವಾನಗಿ ಕೇಳಾಕತ್ತೈತಲ್ಲೋ," ಎಂದೆ.

"ಹಂಗಲ್ರಿ ಕಾಕಾ. ತನ್ನ ಹೊಟ್ಟ್ಯಾಗಿಂದ ಬರದ, ಹೊರಗಿಂದ ಬಂದ ಸುದ್ದಿಗೆಲ್ಲಾ ಅದು ಹುಸಿ ಅಂತಾನ ಹೆಸರಿಡ್ತೈತಿ. ನಾವು ಹೂಂ ಅನ್ನಬೇಕು, ಇಲ್ಲಂದ್ರ ಈ ರಿಸೀವರ್ ಮಾತು ಅದು ನಂಬಂಗಿಲ್ಲ."

ಆ ಒಂದು ಗುಣದಲ್ಲಿ ಟ್ಯಾಬ್ಲೆಟ್ಟು ನಮ್ಮ ಊರಿನದೇ ಅನ್ನಿಸಿತು. ರಾಜೇಸಾಬ ಹೂಂ ಅಂದ. ಯಂತ್ರವನ್ನು ಗಾಡಿಯ ನೆತ್ತಿಯ ಮೇಲಿಟ್ಟ. ಆಕಾಶ ಕಾಣದಿದ್ದರೆ ಅದು ಕುರುಡಂತೆ. ಕೆಂಪು ದೀಪ ಬಹಳ ಹೊತ್ತು ಮಿಣುಕಿ ಕೊನೆಗೆ ಹಸಿರಾಯಿತು. ಟ್ಯಾಬ್ಲೆಟ್ಟಿನಲ್ಲಿ ಒಂದು ನೀಲಿ ಚುಕ್ಕೆ ಮೂಡಿತು, ಅದರಿಂದ ದವಾಖಾನೆಯ ಕಡೆಗೆ ಒಂದು ಬಾಣ. "ಓಣಿ ಬೇಕಾದಂಗ ಹೊರಳಲಿ," ಎಂದ ರಾಜೇಸಾಬ. "ನಾವು ಎಲ್ಲಿದೀವಿ ಅನ್ನೋದು ಇದಕ್ಕ ಗೊತ್ತಿರ್ತೈತಿ. ಬಾಣ ಹಿಡದು ಹೊಂಟ್ರ ದವಾಖಾನಿ ಮುಟ್ಟತೀವಿ."

ಅಷ್ಟರಲ್ಲಿ ಜನ ಕೂಡಿತ್ತು. ಯೆಂಕೋಬಣ್ಣ ಚಾ ಸೋಸುವುದನ್ನು ನಿಲ್ಲಿಸಿ, "ಮ್ಯಾಲಿಂದ ನೋಡವ ಪುಕ್ಕಟೆ ಯಾಕ ಹೇಳ್ತಾನ?" ಎಂದು ಕೇಳಿದ.  ಮೇಲಿನವರು ಒಮ್ಮೆ ನೋಡಿ ಗುರುತು ಹಾಕಿಕೊಂಡರೆ ಓಣಿಗಳು ಅಲ್ಲಲ್ಲೇ ನಿಂತುಬಿಡುತ್ತವೆ ಎಂದು ಒಬ್ಬ ಹೇಳಿದ. ಹಾಗಾದರೆ ಆ ಹೊತ್ತಿಗೆ ಗಟಾರದ ದಂಡೆಯಲ್ಲಿ ಇದ್ದ ಓಣಿಯ ಗತಿಯೇನು ಎಂದು ಇನ್ನೊಬ್ಬ. ಮಧ್ಯಾಹ್ನದೊಳಗೆ ಇದು ಊರ ತುಂಬ ಹಬ್ಬಿತು. ಹಬ್ಬಿಸಿದವರಲ್ಲಿ ನಾನೂ ಒಬ್ಬ.

ನನ್ನ ಭಯ ಮಾತ್ರ ಬೇರೆಯಿತ್ತು, ಅದನ್ನು ಈಗ ಮುಚ್ಚಿಟ್ಟು ಏನಾಗಬೇಕು. ಮರುದಿನದಿಂದ ರಾಜೇಸಾಬ ಕಟ್ಟೆಯ ಹತ್ತಿರ ಗಾಡಿ ನಿಲ್ಲಿಸಿದರೂ ಅದು ಚಾಕ್ಕಾಗಿ, ಹಲಗೆ ನೋಡಲು ಅಲ್ಲ. ವಾರ ಕಳೆಯುವುದರೊಳಗೆ ಬೇವಿನ ಓಣಿಯ ಹೆಂಗಸೊಬ್ಬಳು, ನಾನು ಸೀಮೆಸುಣ್ಣ ಹಿಡಿದು ನಿಂತಿದ್ದಾಗ, ನನ್ನನ್ನು ದಾಟಿ ಹೋಗಿ ಅವನ ಹತ್ತಿರ ದಾರಿ ಕೇಳಿದಳು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಹಲಗೆಯನ್ನು ಬೈದವರಿದ್ದಾರೆ, ಒರೆಸಿದವರಿದ್ದಾರೆ. ಕಾಣದವರಂತೆ ದಾಟಿ ಹೋದವರು ಇರಲಿಲ್ಲ. ಆ ದಿನ ನನಗೆ ಊಟ ಸೇರಲಿಲ್ಲ.

ಕದ್ದದ್ದು ಹಾಡಹಗಲಲ್ಲಿ. ರಾಜೇಸಾಬ ಯೆಂಕೋಬಣ್ಣನ ಅಂಗಡಿಯೊಳಗೆ ಮಿರ್ಚಿ ತಿನ್ನುತ್ತಿದ್ದ. ಕಟ್ಟೆಯ ಮೇಲೆ ನಿಂತರೆ ಗಾಡಿಯ ನೆತ್ತಿ ಕೈಗೆ ಎಟುಕುತ್ತದೆ. ಯಂತ್ರವನ್ನು ಅಂಟುಪಟ್ಟಿಯಿಂದ ಅಂಟಿಸಿದ್ದ, ಎಳೆದರೆ ಬಂತು. ಒತ್ತಿ ದೀಪ ಆರಿಸುವುದು ಹೇಗೆಂದು ನನಗೆ ತಿಳಿಯಲಿಲ್ಲ, ಹಾಗೇ ಉರಿಯುತ್ತಿದ್ದುದನ್ನು ಮನೆಗೆ ಒಯ್ದು ಜೋಳದ ತಗಡಿನ ಡಬ್ಬಿಯಲ್ಲಿ ಮೊಳಕೈ ತನಕ ಕೈ ಇಳಿಸಿ ಹೂತು, ಮುಚ್ಚಳ ಬಿಗಿದೆ. ತಗಡು, ಕಾಳು, ಮೇಲೆ ಮಾಳಿಗೆಯ ಮಣ್ಣು. ಯಾವ ಉಪಗ್ರಹ ಬಂದು ನೋಡುತ್ತದೋ ನೋಡೋಣ ಎಂದುಕೊಂಡೆ.

ಸಂಜೆ ರಾಜೇಸಾಬ ಕಟ್ಟೆಗೆ ಬಂದ. ಮುಖ ಸಣ್ಣದಾಗಿತ್ತು.

"ಕಾಕಾ, ಈ ಊರಾಗ ನಿಮ್ಮಷ್ಟು ಅನುಮಾನ ಪಡವ್ರು ಇನ್ನೊಬ್ರಿಲ್ಲ ಅಂತಾರ. ನಿಮಗ ಯಾರ ಮ್ಯಾಲೆ ಅನುಮಾನ?"

ನಾನು ಯೋಚಿಸುವವನಂತೆ ಗಡ್ಡ ಕೆರೆದುಕೊಂಡು, "ಎರಡು ಬಾವಿ ಓಣಿಯವ್ರ ಕೈ ಸ್ವಚ್ಛ ಇಲ್ಲ," ಎಂದೆ. ಆ ಓಣಿಯವರು ನನಗೆ ಯಾವ ಕೇಡೂ ಬಗೆದವರಲ್ಲ.

"ತಗೊಂಡು ಏನ್ ಮಾಡ್ತಾರ್ರಿ? ಬ್ಯಾಟರಿ ಹತ್ತು ತಾಸು ಅಷ್ಟ ಬರ್ತೈತಿ. ಇವತ್ತ ಸತ್ತು ಹೋಗ್ತೈತಿ ಅದು. ಸಾಹೇಬ್ರು ಹೊಸಾದು ತರಸಾಕ ತಿಂಗಳಾಗ್ತೈತಿ ಅಂದಾರ," ಎಂದ ರಾಜೇಸಾಬ. ಆಮೇಲೆ ಮೊದಲಿನಂತೆ ಹಲಗೆಯನ್ನು ನೋಡಿ, ಓಣಿಗಳ ಸಾಲನ್ನು ಬಾಯಿಪಾಠ ಮಾಡಿಕೊಂಡು ಹೋದ. ಹಲಗೆಗೆ ಮತ್ತೆ ಜೀವ ಬಂತು. ನನಗೂ ಬಂತು.

ಕದ್ದವನಿಗೆ ನೆಮ್ಮದಿಯಿಲ್ಲ ಎನ್ನುವುದು ಸುಳ್ಳಲ್ಲ. ಆ ದಿನದಿಂದ ನಿಂಬೆವ್ವನ ಮೇಲೆ ನನ್ನ ಕಣ್ಣು ಬಿತ್ತು. ಮೊದಲನೇ ದಿನವೇ ಅವಳು, "ಜೋಳದ ಡಬ್ಬಿ ಯಾಕ ಸರಿಸೀರಿ?" ಎಂದು ಕೇಳಿದ್ದಳು. "ಇಲಿ ಬಂದಾವೇನಂತ ನೋಡಿದೆ," ಎಂದಿದ್ದೆ. ಅವಳು ಮತ್ತೆ ಆ ಮಾತೆತ್ತಲಿಲ್ಲ, ಎತ್ತದಿದ್ದುದೇ ನನಗೆ ಸಂಶಯ. ಆಗ ಸಂಡಿಗೆ ಹಾಕುವ ಕಾಲ. ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಮಾಳಿಗೆ ಹತ್ತುತ್ತಿದ್ದಳು. ಇಳಿಯುವಾಗ ನಡುವಿನ ಮೆಟ್ಟಿಲ ಮೇಲೆ ಕೂತು, ಎಡಗೈ ತಿಕ್ಕಿಕೊಂಡು, ಸುಧಾರಿಸಿಕೊಂಡು ಇಳಿಯುತ್ತಿದ್ದಳು. ಮಗ್ಗಲ ಮಾಳಿಗೆಯವರಿಗೆ ಏನೋ ಹೇಳಿ ಬರುತ್ತಿದ್ದಾಳೆ, ಅದಕ್ಕೇ ಇಷ್ಟು ಹೊತ್ತು ಎಂದುಕೊಂಡೆ. ನನ್ನ ಫೋನಿನ ಚಾರ್ಜರು ದಿನವೂ ತನ್ನ ಜಾಗ ಬಿಟ್ಟು ಅಡಿಗೆಮನೆ ಸೇರಿರುತ್ತಿತ್ತು. ಯಾರ ಜೊತೆ ಫೋನಿನಲ್ಲಿ ಮಾತಾಡುತ್ತಾಳೋ ಎಂದುಕೊಂಡೆ. ಇಪ್ಪತ್ತೆಂಟು ವರ್ಷ ಜೊತೆಗೆ ಬಾಳಿದ ಹೆಂಡತಿ ಮೆಟ್ಟಿಲ ಮೇಲೆ ಕೂತು ಏದುಸಿರು ಬಿಡುತ್ತಿದ್ದರೆ ನನಗೆ ಹೊಳೆದದ್ದು ಇಷ್ಟೇ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ.

ಐದನೆಯ ದಿನ ಮಧ್ಯಾಹ್ನ ನಾನು ಊಟ ಮಾಡಿ ಅಡ್ಡಾಗಿದ್ದೆ. ಅಡಿಗೆಮನೆಯಲ್ಲಿ ತಾಟು ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ನಿಂಬೆವ್ವ ಗೋಡೆಗೆ ಒರಗಿ ಕೂತಿದ್ದಾಳೆ, ಹಣೆಯ ತುಂಬ ಬೆವರು.

"ಎದಿ ಒತ್ತಾಕತ್ತೈತ್ರಿ," ಎಂದಳು. "ಎದಿ ಮ್ಯಾಲೆ ಯಾರೋ ಕುಂತಂಗ."

ದವಾಖಾನೆಗೆ ಫೋನು ಮಾಡಿದೆ. ರಾಜೇಸಾಬ ಈಗಲೇ ಹೊರಟೆ ಎಂದ. ಕಾಲು ತಾಸು ಕಳೆದ ಮೇಲೆ ಅವನದೇ ಫೋನು ಬಂತು.

"ಕಾಕಾ, ನಿಮ್ಮ ಸುಣ್ಣದ ಓಣಿ ಎಲ್ಲೈತ್ರಿ?"

"ಮುಂಜಾನೆ ಹಲಗಿ ನೋಡಿಲ್ಲೇನು? ಹೂಗಾರ ಓಣಿ ಮಗ್ಗಲು."

"ಹೂಗಾರ ಓಣಿ ಬಾಯಾಗ ನಿಂತೀನ್ರಿ. ಇಲ್ಲಿ ನಿಮ್ಮ ಓಣಿ ಇಲ್ಲ."

ನಾನು ಕೊಡದ ಕಡೆ ನೋಡಿದೆ. ಅದರ ಸುತ್ತ ನೀರು ಚೆಲ್ಲಿತ್ತು. ವರ್ಷದಲ್ಲಿ ಮೂರು ನಾಲ್ಕು ಸಲ ಹೀಗಾಗುತ್ತದೆ, ಬೆಳಿಗ್ಗೆ ಹೊರಳಿದ ಓಣಿಗಳು ಮಧ್ಯಾಹ್ನ ಮತ್ತೊಮ್ಮೆ ಹೊರಳುತ್ತವೆ. ನಾನು ಮಲಗಿದ್ದಾಗ ಹೊರಳಿದ್ದವು. ಓಣಿಯ ಬಾಯಿಗೆ ಓಡಿದೆ. ಮುಂಜಾನೆ ಹೂವಿನ ಬುಟ್ಟಿಗಳಿದ್ದ ಕಡೆ ಕುರುಚಲು ಬೆಳೆದ ಗೋಡೆಯೊಂದು ನಿಂತಿತ್ತು. ಎಡಕ್ಕೆ ಯಾರು, ಬಲಕ್ಕೆ ಯಾರು ನನಗೇ ತಿಳಿಯಲಿಲ್ಲ. ಊರಿಗೆಲ್ಲ ದಾರಿ ಹೇಳುವವನು ನನ್ನ ಓಣಿಯ ಬಾಯಲ್ಲಿ ನಿಂತು ಹೋಗುವವರನ್ನು ಕೇಳತೊಡಗಿದೆ. ಒಬ್ಬ ಒಂದು ಹೇಳಿದ, ಇನ್ನೊಬ್ಬ ಮತ್ತೊಂದು. ನಾನು ಹೇಳಿದ್ದನ್ನು ಫೋನಿನಲ್ಲಿ ಕೇಳಿಕೊಂಡು ರಾಜೇಸಾಬ ಎರಡು ಸಲ ತಪ್ಪು ಓಣಿ ಹೊಕ್ಕು ಹಿಂದಕ್ಕೆ ತೆಗೆದ. ಅವನು ನಮ್ಮ ಮನೆ ಮುಟ್ಟುವಾಗ ಮುಕ್ಕಾಲು ತಾಸು ಕಳೆದಿತ್ತು.

ಗಾಡಿ ಬಾಗಿಲಿಗೆ ಬಂದು ನಿಂತಿತಷ್ಟೇ, ಒಳಗೆ ಟ್ಯಾಬ್ಲೆಟ್ಟು ಟಿಣ್ ಎಂದಿತು. ರಾಜೇಸಾಬ ಕೆಳಗೆ ನೋಡಿದ. ನಾನೂ ಕಿಟಕಿಯಿಂದ ನೋಡಿದೆ. ನೀಲಿ ಚುಕ್ಕೆ ಮೂಡಿತ್ತು, ಅದರಿಂದ ಹೊರಟ ಬಾಣವೂ ಇತ್ತು. ಅವನು ಚುಕ್ಕೆಯನ್ನು ನೋಡಿದ, ನಮ್ಮ ಮನೆಯನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಹತ್ತು ಹದಿನೈದು ಹೆಜ್ಜೆ ಎಂದು ನನಗೆ ಹೇಳಿಕೊಟ್ಟವನು ಅವನೇ. 

"ಕಾಕಾ," ಎಂದ, ಬಹಳ ಮೆತ್ತಗೆ. "ನಾನು ಕಾಕೂನ್ನ ಗಾಡ್ಯಾಗ ಮಲಗಸ್ತೀನಿ. ನೀವು ಅದನ್ನ ತಗೊಂಡು ಬರ್ರಿ. ಇಲ್ಲಂದ್ರ ತಿರುಗಿ ಹೋಗೂ ಹಾದಿ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ."

ಅಷ್ಟೇ ಹೇಳಿದ. ಬೈದಿದ್ದರೆ ನಾನು ಎದುರುತ್ತರ ಕೊಡುತ್ತಿದ್ದೆ.

ಒಳಗೆ ಓಡಿ ಡಬ್ಬಿಯ ಮುಚ್ಚಳ ಕಿತ್ತು ಕೈ ಇಳಿಸಿದೆ. ಜೋಳ. ತಳದ ತನಕ ಜೋಳವೇ. ಡಬ್ಬಿಯನ್ನು ಬೋರಲು ಹಾಕಿ ಅಡಿಗೆಮನೆಯ ತುಂಬ ಕಾಳು ಚೆಲ್ಲಿದೆ, ಯಂತ್ರವಿಲ್ಲ. ನನ್ನ ಮನೆಯೊಳಕ್ಕೆ ಕಳ್ಳ ಬಂದಿದ್ದಾನೆ! ಆ ಗಳಿಗೆಯಲ್ಲೂ ನನಗೆ ಹೊಳೆದದ್ದು ಎರಡು ಬಾವಿ ಓಣಿಯ ಹೆಸರೇ. ಆಗ ನಿಂಬೆವ್ವ ನನ್ನನ್ನು ಕರೆದಳು. ರಾಜೇಸಾಬನ ಹೆಗಲಿಗೆ ಒರಗಿ ನಿಂತಿದ್ದಳು. ಮಾತಾಡಲು ಉಸಿರು ಸಾಲದೆ ಕೈ ಎತ್ತಿ ಮೇಲೆ ತೋರಿಸಿದಳು.

ಮಾಳಿಗೆಯ ಮೇಲೆ ಹಳೆ ಸೀರೆ ಹಾಸಿ ಸಂಡಿಗೆ ಒಣಹಾಕಿದ್ದಳು. ಸೀರೆ ಹಾರದಂತೆ ನಾಲ್ಕು ಮೂಲೆಗೆ ನಾಲ್ಕು ಭಾರ ಇಟ್ಟಿದ್ದಳು. ಮೂರು ಮೂಲೆಗೆ ಕಲ್ಲು. ನಾಲ್ಕನೆಯದಕ್ಕೆ ಒಂದು ಬಟ್ಟಲು, ಅದರೊಳಗೆ ಆ ಯಂತ್ರ, ಆಕಾಶಕ್ಕೆ ಮುಖ ಮಾಡಿ, ಹಸಿರು ದೀಪ ಉರಿಸಿಕೊಂಡು ಕೂತಿತ್ತು.

ಗಾಡಿಯ ಮೇಲೆ ಅಂಟಿಸಲು ಪಟ್ಟಿ ಇರಲಿಲ್ಲ. ನಾನು ಮುಂದೆ ಕೂತು ಕಿಟಕಿಯಿಂದ ಕೈ ಹೊರಗೆ ಹಾಕಿ, ಅಂಗೈ ಮೇಲೆ ಯಂತ್ರವನ್ನು ಇಟ್ಟು ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡೆ. ಮೊದಲ ಕವಲಿನಲ್ಲಿ ಬಾಣ ಎಡಕ್ಕೆ ಎಂದಿತು. ಹಲಗೆಯ ಪ್ರಕಾರ ಬಲಕ್ಕೆ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಮೂರನೆಯ ಕವಲಿನಲ್ಲಿ ಬಾಣ ಹೊಕ್ಕ ಓಣಿ ಎರಡು ಬಾವಿ ಓಣಿ. ಅಲ್ಲಿನವರು ಒಣಹಾಕಿದ್ದ ಬಟ್ಟೆ, ಮಲಗಲು ಹಾಕಿದ್ದ ಹೊರಸು ಎಲ್ಲವನ್ನೂ ಎತ್ತಿ ಗಾಡಿಗೆ ದಾರಿ ಬಿಟ್ಟರು. ಒಬ್ಬ ಮುದುಕ ಮುಂದೆ ಮುಂದೆ ಓಡಿ ಕಟ್ಟಿದ್ದ ಎಮ್ಮೆಯ ಹಗ್ಗ ಬಿಚ್ಚಿದ. ನಾನು ಅವರ ಮುಖ ನೋಡಲಾರದೆ ಅಂಗೈಯನ್ನೇ ನೋಡುತ್ತಿದ್ದೆ. ಟ್ಯಾಬ್ಲೆಟ್ಟಿನಲ್ಲಿ ಎರಡು ಕಿಲೋಮೀಟರ್ ಎಂದಿದ್ದದ್ದು ಒಂದಾಯಿತು, ಅರ್ಧವಾಯಿತು, ಕಡೆಗೆ ದಿಬ್ಬದ ಏರು ಕಂಡಿತು. ಕೈ ಸೋತಿತ್ತು, ಆದರೆ ದೀಪ ಹಸಿರಾಗಿಯೇ ಇತ್ತು.

ಡಾಕ್ಟರರು ನಿಂಬೆವ್ವನನ್ನು ಒಳಗೆ ತೆಗೆದುಕೊಂಡರು. ಸಂಜೆಗೆ ಹೊರಬಂದು, ಉಳಿದುಕೊಂಡಳು ಎಂದರು. ಹೃದಯದ ಒಂದು ಭಾಗಕ್ಕೆ ಏಟು ಬಿದ್ದಿದೆ, ಮುಂಚೆ ಬಂದಿದ್ದರೆ ಅದೂ ಉಳಿಯುತ್ತಿತ್ತು. "ಇಷ್ಟು ತಡ ಯಾಕೆ ಮಾಡಿದಿರಿ?" ಎಂದು ಕೇಳಿದರು.

"ಓಣಿ ಹೊರಳಿದ್ವು," ಎಂದೆ. ರಾಜೇಸಾಬ ಪಕ್ಕದಲ್ಲೇ ನಿಂತಿದ್ದ. ಯಂತ್ರ ಅವನ ಕೈಯಲ್ಲಿತ್ತು.  ಅದು ಎಲ್ಲಿ ಸಿಕ್ಕಿತೆಂದು ಅವನು ಇವತ್ತಿನ ತನಕ ಯಾರಿಗೂ ಹೇಳಿಲ್ಲ.

ಮೂರನೆಯ ದಿನ ನಿಂಬೆವ್ವ ದಿಂಬಿಗೆ ಒರಗಿ ಕೂತು ಗಂಜಿ ಕುಡಿಯುವಷ್ಟಾದಳು. ಬ್ಯಾಟರಿಯ ಲೆಕ್ಕ ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಹತ್ತು ತಾಸಿನ ಬ್ಯಾಟರಿ ಐದು ದಿನ ಉರಿಯಲಾರದು.

"ಯಾವಾಗ ಸಿಕ್ತು ಅದು?" ಎಂದು ಕೇಳಿದೆ.

"ನೀವು ಇಟ್ಟ ಮರುದಿನಾನ. ರೊಟ್ಟಿಗೆ ಜೋಳ ಬೀಸಬೇಕಲ್ರಿ, ಡಬ್ಬಿ ತಗದೆ."

"ಚಾರ್ಜಿಗೆ ಹಚ್ಚಿದಾಕಿ ನೀನಾ?"

"ದಿನಾ ಹಚ್ಚೀನಿ. ನಿಮ್ಮ ಫೋನಿನ ಚಾರ್ಜರ್ರ ಅದಕ್ಕೂ ಕೂಡತಿತ್ತು. ಆಕಾಶ ಕಾಣಬೇಕಂತ ನೀವ ಹೇಳಿದ್ರಲ್ಲ ಅವತ್ತು, ಯೆಂಕೋಬಣ್ಣನ ಅಂಗಡಿ ಮುಂದ ಆದದ್ದನ್ನೆಲ್ಲಾ ಮನಿಗೆ ಬಂದು ಹೇಳಿ ನಗಾಡಿದ್ರಿ. ಅದಕ್ಕ ಮುಂಜಾನೆ ಮಾಳಗಿ ಮ್ಯಾಲೆ ಇಡತಿದ್ದೆ, ಸಂಜಿಕ ಇಳಸ್ತಿದ್ದೆ."

"ಯಾಕ?"

"ಎದಿ ಆವಾಗಿಂದಾನ ಹಿಡೀತಿತ್ತು. ತಿರುಗಿ ಕೊಟ್ರ ನಿಮ್ಮ ಮರ್ಯಾದಿ ಹೋಗ್ತಿತ್ತು, ಇಟ್ಕೊಂಡ್ರ ಗಾಡಿ ಬಂದಾಗ ಹಾದಿಗೆ ಬೇಕಾಗ್ತೈತಲ್ರಿ."

"ಎದಿ ಹಿಡದದ್ದು ನನಗ ಹೇಳಬಾರದೇನ?"

ನಿಂಬೆವ್ವ ಗಂಜಿಯ ಲೋಟ ಕೆಳಗಿಟ್ಟಳು. ಸಿಟ್ಟಿನಿಂದ ಹೇಳಲಿಲ್ಲ, ಇದ್ದದ್ದನ್ನು ಹೇಳುವಂತೆ ಹೇಳಿದಳು.

"ಹೇಳಿದ್ರ ನೀವು ಖರೇನೋ ಸುಳ್ಳೋ ಅಂತ ನನ್ನ ಮಾರಿ ನೋಡ್ತಿದ್ರಿ."

 ಎಲ್ಲರ ಮಾತನ್ನೂ ಇನ್ನೊಬ್ಬರ ಮಾತಿಗೆ ತಾಳೆ ಹಾಕಿ ನೋಡುವವನ ಮನೆಯಲ್ಲಿ, ನೋವಿಗೆ ಸಾಕ್ಷಿ ಎಲ್ಲಿಂದ ತರುತ್ತಾಳೆ ಅವಳು? ಹೊರಗೆ ಹೋಗಿ ದಿಬ್ಬದ ಮೇಲಿನ ಬೇಲಿಯ ಹತ್ತಿರ ನಿಂತು ಅತ್ತೆ.

ಮರುದಿನ ಕಟ್ಟೆಗೆ ಹೋಗಿ ಹದಿನೇಳು ಓಣಿಯವರ ಮುಂದೆ, ಕದ್ದವನು ನಾನೇ, ಎರಡು ಬಾವಿ ಓಣಿಯವರದು ಏನೂ ತಪ್ಪಿಲ್ಲ ಎಂದು ಹೇಳಿದೆ. ಯಾರೂ ನಂಬಲಿಲ್ಲ. "ಯಾರನ್ನೋ ಉಳಸಾಕ ಹೇಳಾಕತ್ತಾನ," ಎಂದ ಯೆಂಕೋಬಣ್ಣ. ಎರಡು ಬಾವಿ ಓಣಿಯವರೂ, ಇವನು ಇಷ್ಟು ಒಳ್ಳೆಯ ಮಾತಾಡುತ್ತಿದ್ದಾನೆಂದರೆ ಇದರಲ್ಲಿ ಏನೋ ಇದೆ ಎಂದು ದೂರ ಸರಿದು ನಿಂತರು. ಊರನ್ನು ಹೀಗೆ ಬೆಳೆಸಿದವರಲ್ಲಿ ನಾನೂ ಒಬ್ಬನಾದ್ದರಿಂದ ಯಾರ ಮೇಲೂ ಸಿಟ್ಟು ಬರಲಿಲ್ಲ.

ಹದಿನೈದು ದಿನಕ್ಕೆ ನಿಂಬೆವ್ವನನ್ನು ಮನೆಗೆ ಕಳಿಸಿದರು. ರಾಜೇಸಾಬ ಬಾಗಿಲ ತನಕ ಬಿಟ್ಟು ಹೋದ. ಅವಳನ್ನು ಮಾಳಿಗೆ ಹತ್ತಲು ಬಿಡಬಾರದು ಎಂದು ಡಾಕ್ಟರರು ಹೇಳಿದ್ದರು. ಸಂಡಿಗೆಯನ್ನು ನಾನೇ ಹೋಗಿ ಇಳಿಸಿಕೊಂಡು ಬಂದೆ, ಅರ್ಧ ಗುಬ್ಬಿಗಳು ತಿಂದಿದ್ದವು. ಮರುದಿನ ಬೆಳಗಿನ ಜಾವ ಕೊಡದ ನೀರು ಒಂದು ಕಡೆ ವಾಲಿ ನೆಟ್ಟಗಾಯಿತು. ಅವಳು ಎಚ್ಚರವಾಗಿಯೇ ಇದ್ದಳು.

"ಇವತ್ತು ಯಾರ ಮಗ್ಗಲು?" ಎಂದು ಕೇಳಿದಳು.

ಇಪ್ಪತ್ತೆರಡು ವರ್ಷ ಈ ಪ್ರಶ್ನೆಗೆ ನಾನು ಹಾಸಿಗೆಯಲ್ಲಿದ್ದುಕೊಂಡೇ ಉತ್ತರ ಹೇಳಿದ್ದೇನೆ, ಊಹೆಯನ್ನೂ ಗೊತ್ತಿದ್ದವನ ದನಿಯಲ್ಲೇ ಹೇಳಿದ್ದೇನೆ. ಎದ್ದು ಕೂತು ಅವಳ ಎಡಗೈ ಹಿಡಿದುಕೊಂಡೆ.

"ನನಗ ಗೊತ್ತಿಲ್ಲ," ಎಂದೆ. "ಕೇಳಿಕೊಂಡು ಬರ್ತೀನಿ."